ಮೂಲೆ ಹಾರಿಸಿದ ಮಂಜುಗಡ್ಡೆ

ನನ್ನ ಗಂಡ ಮಿತೆರೆಯ್ ಕುಡಿಯುವ ನೀರಿಗೆಂದು ಕೆರೆಯಿಂದ ತಾನು ಕೊಯ್ದ ಪ್ರತಿ ಮಂಜುಗಡ್ಡೆಯ ಒಂದು ಮೂಲೆಯನ್ನು ಹಾರೆಯಿಂದ ಹಾರಿಸುತ್ತಿದ್ದ. ಹೆಬ್ಬೆರಳಷ್ಟು. ಇದು ನಮ್ಮ ಮನೆಯದು ಎಂಬ ಗುರುತು.

ಊರೆಲ್ಲ ನಗುತ್ತಿತ್ತು. ಪಕ್ಕದ ಮನೆಯ ಉಯ್ಬಾನ್ ಅಂತೂ ಬಿಡುತ್ತಲೇ ಇರಲಿಲ್ಲ.

"ಅಣ್ಣಾ, ಇಡೀ ಯಾಕುತಿಯದಲ್ಲಿ ಐಸು ಕದಿಯೋ ಕಳ್ಳ ಎಲ್ಲಿದಾನೆ? ತೋರಿಸು, ಅವನಿಗೆ ನಾನೇ ಕರೆದು ಊಟ ಹಾಕ್ತೀನಿ."

ಮಿತೆರೆಯ್ ಮುಂದಿನ ಗಡ್ಡೆಯ ಮೂಲೆಗೆ ಹಾರೆ ಇಡುತ್ತಿದ್ದ.

ಆ ಗುರುತಿಗೆ ಕಾರಣ ನಾನು. ನಾನು ಲೇನಾ ನದಿಯ ದಡದವಳು. ಹರಿಯುವ ನೀರು ಕುಡಿದು ಬೆಳೆದವಳು. ಮದುವೆಯಾಗಿ ಈ ಕೆರೆಯ ಊರಿಗೆ ಬಂದೆ. ಮೊದಲ ಚಳಿಗಾಲದಲ್ಲಿ ಟೀ ಬಾಯಿಗಿಟ್ಟರೆ ಜೊಂಡಿನ ವಾಸನೆ. "ನಿಮ್ಮೂರ ಟೀ ದನ ಕುಡೀಬೇಕು" ಎಂದೆ. ಅತ್ತೆ ಮುಖ ತಿರುಗಿಸಿದಳು. ಮಿತೆರೆಯ್ ನನ್ನ ಲೋಟ ತೆಗೆದುಕೊಂಡು ಮೂಸಿ ನೋಡಿದ. ಕೆಳಗಿಟ್ಟ. ಅಷ್ಟೆ.

ಮುಂದಿನ ನವೆಂಬರಿನಲ್ಲಿ ಎಲ್ಲರೂ ದಡದ ಹತ್ತಿರ ಗರಗಸ ಹಾಕಿದರೆ ಇವನು ಒಬ್ಬನೇ ಕೆರೆಯ ನಡುವಿಗೆ ಹೋದ. ಅಲ್ಲಿಯ ಗಡ್ಡೆ ಕಿಟಕಿಯ ಗಾಜಿನಂತೆ ಇರುತ್ತದೆ. ಆದರೆ ದಡಕ್ಕೆ ತಂದು ಸಾಲಾಗಿ ನಿಲ್ಲಿಸಿ, ಮೇಲೆ ಹಿಮ ಬಿದ್ದ ಮೇಲೆ ಎಲ್ಲರ ಗಡ್ಡೆಯೂ ಒಂದೇ ಥರ. ಬೇರೆಯವರ ಜೊಂಡು ನನ್ನ ಲೋಟಕ್ಕೆ ಬರಬಾರದೆಂದು ಮೂಲೆ ಹಾರಿಸಿದ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ನನಗೆ ಹೇಳಿದ್ದು ಅತ್ತೆ, ಅದೂ ಬೈಯುತ್ತಾ.

ಅವನು ಊರಿನ ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ತುಂಬುವವನು. ಮನೆಗೆ ಬರುವಾಗ ಕಣ್ಣಿನ ಸುತ್ತ ಕಪ್ಪು, ರೆಪ್ಪೆಯ ಮೇಲೆ ಬಿಳಿ ಹಿಮ. ಬಾಗಿಲು ತೆಗೆದರೆ ಅವನಿಗಿಂತ ಮೊದಲು ಚಳಿ ಒಳಗೆ ಬರುತ್ತಿತ್ತು. ಬೆಳ್ಳಗೆ ಹೊಗೆಯಂತೆ ನೆಲದ ಮೇಲೆ ಉರುಳಿಕೊಂಡು ಒಲೆಯ ಬುಡದವರೆಗೆ.

"ಬಾಗಿಲು ಹಾಕೋ ಮುದುಕಾ! ಊರಿನ ಚಳಿಯನ್ನೆಲ್ಲ ಕರಕೊಂಡು ಬಂದ್ಯಾ?"

"ಪಾಪ ಕಣೇ ಮುದುಕಿ. ಹೊರಗೆ ಅದಕ್ಕೂ ಚಳಿ ಆಗ್ತಿತ್ತಂತೆ."

ನಮಗೆ ಇಪ್ಪತ್ತು ಚಿಲ್ಲರೆ ವಯಸ್ಸಿದ್ದಾಗಲೇ ಹೀಗೆ ಮುದುಕ, ಮುದುಕಿ ಎಂದು ಕರೆದುಕೊಳ್ಳುತ್ತಿದ್ದೆವು. ಮಕ್ಕಳಾಗಲಿಲ್ಲ. ಕರೆಯುತ್ತಾ ಕರೆಯುತ್ತಾ ನಿಜವಾಗಿಯೂ ಮುದುಕರಾದೆವು.

ಸೊನ್ನೆಯಿಂದ ಕೆಳಗೆ ಐವತ್ತಕ್ಕೆ ಇಳಿದರೆ ನಮ್ಮಲ್ಲಿ ಚಳಿ ಎನ್ನುತ್ತಾರೆ. ನಲವತ್ತಾದರೆ ಹೆಂಗಸರು ಬೇಲಿಯ ಹತ್ತಿರ ನಿಂತು ಮಾತಾಡುತ್ತಾರೆ. ಮೂವತ್ತಾದರೆ ಮಿತೆರೆಯ್ ಟೋಪಿಯ ಕಿವಿ ಎತ್ತಿ ಕಟ್ಟುತ್ತಿದ್ದ. ಚಳಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಏರುಪೇರಿನ ಮೇಲೆ ಸಿಟ್ಟು.

"ಚಳಿ ಅಂದ್ರೆ ಒಂದೇ ಮಾತಿನ ಮನುಷ್ಯನ ಥರ ಇರ್ಬೇಕು. ಇವತ್ತೊಂದು ನಾಳೆಯೊಂದು ಅಂದ್ರೆ ಪೈಪು ಒಡೆಯುತ್ತೆ, ದನ ಕೆಮ್ಮುತ್ತೆ, ಮುದುಕಿ ಬೈತಾಳೆ."

ಅವನ ಕೊನೆಯ ವರ್ಷ ಚಳಿ ಒಂದೇ ಮಾತಿನದಾಗಿರಲಿಲ್ಲ. ಅಕ್ಟೋಬರಿನಲ್ಲಿ ಕೆರೆ ಬೇಗ ಮುಚ್ಚಿಕೊಂಡಿತು. ಆಮೇಲೆ ಒಂದು ವಾರ ಬೆಚ್ಚಗಾಯಿತು. ಒದ್ದೆ ಹಿಮ ಬಿತ್ತು, ಕೆರೆಯ ಮೇಲೆಲ್ಲ ಕೆಸರಿನಂತೆ ನಿಂತಿತು. ಮತ್ತೆ ಒಂದೇ ದಿನದಲ್ಲಿ ಚಳಿ ಎರಗಿತು. ಹಾಗಾಗಿ ಆ ವರ್ಷದ ಪ್ರತಿ ಗಡ್ಡೆಯ ಮೈಯಲ್ಲಿ, ಮೇಲಿನ ಅಂಚಿಗೆ, ಒಂದು ಬಿಳಿ ಗೆರೆ. ಹಾಲಿನ ಕೆನೆಯಂತೆ. ಮಿತೆರೆಯ್ ಅದರ ಮೇಲೆ ಬೆರಳು ಎಳೆದು ತೋರಿಸಿದ.

"ನೋಡು, ಆ ವಾರ ಇದು. ನೀನು ಶಾಲು ಇಲ್ದೆ ಓಡಾಡಿ ನೆಗಡಿ ತಂದ್ಕೊಂಡ್ಯಲ್ಲ, ಅದೂ ಇದರೊಳಗಿದೆ."

ಜನವರಿಯಲ್ಲಿ ಅವನು ಸತ್ತ. ಚಳಿಗಾಲವೆಂಬ ಗೂಳಿಯ ಕೊಂಬು ಒಂದೊಂದಾಗಿ ಬಿದ್ದಂತೆ ಚಳಿ ಮುರಿಯುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಮೊದಲ ಕೊಂಬು ಇನ್ನೂ ಬಿದ್ದಿರಲಿಲ್ಲ. ಕೆಲಸದಿಂದ ಬಂದು ಬಾಗಿಲ ಬಳಿ ಕೂತು ಬೂಟು ಬಿಚ್ಚುತ್ತಿದ್ದ. ಒಂದು ಬಿಚ್ಚಿದ. ಇನ್ನೊಂದು ಕಾಲಲ್ಲೇ ಉಳಿಯಿತು.

ನೆಲ ಕಲ್ಲಾಗಿತ್ತು. ಅವನಿಗೆ ಗುಂಡಿ ಅಗೆಯುವುದಕ್ಕೆ ಮೊದಲು ಅದರ ಮೇಲೆ ಬೆಂಕಿ ಹಾಕಿ ಕಾಯಿಸಬೇಕು. ಬಾಯ್ಲರ್ ಮನೆಯವರು ಅವನದೇ ರಾಶಿಯಿಂದ ಕಲ್ಲಿದ್ದಲು ತಂದು ಸುರಿದರು. ಉಯ್ಬಾನ್ ಬೆಂಕಿ ಆರದಂತೆ ನೋಡಿಕೊಂಡ.

ಅವನ ಟೋಪಿ ಇದೆ, ಬೂಟು ಇದೆ. ಅವು ಅಂಗಡಿಯಲ್ಲಿ ಕೊಂಡದ್ದು. ಅವನ ಕೈಯಿಂದ ಆದದ್ದು, ನನಗೆಂದೇ ಆದದ್ದು ಒಂದೇ. ಕೆರೆಯ ದಡದಲ್ಲಿ ಸಾಲಾಗಿ ನಿಂತಿದ್ದ ಆ ಮಂಜುಗಡ್ಡೆ. ಅದನ್ನು ಉಳಿಸಿಕೊಳ್ಳಬೇಕೆಂದುಕೊಂಡೆ.

ಏಪ್ರಿಲ್ ಬಂತು. ಹಗಲು ಸೂರಿನಿಂದ ನೀರು ತೊಟ್ಟಿಕ್ಕುತ್ತದೆ, ರಾತ್ರಿ ಅದೇ ನೀರು ಕತ್ತಿಯಾಗಿ ತೂಗುತ್ತದೆ. ಇಂಥ ಬಿಸಿಲು ತಗುಲಿದರೆ ಗಡ್ಡೆ ಸೂಜಿ ಸೂಜಿಯಾಗಿ ಉದುರುತ್ತದೆ. ಅಷ್ಟರೊಳಗೆ ಹಿತ್ತಲಿನ ಹಗೇವಿಗೆ, ನೆಲದಡಿಯ ಕೋಣೆಗೆ, ಇಳಿಸಬೇಕು. ಅಲ್ಲಿಯ ಹೆಪ್ಪುಗಟ್ಟಿದ ಮಣ್ಣು ಬೇಸಿಗೆಯಲ್ಲೂ ಕರಗುವುದಿಲ್ಲ. ಆ ಸಲ ಬಿಸಿಲು ಒಮ್ಮೆಲೇ ಬಂತು. ಉಯ್ಬಾನ್ ಟ್ರ್ಯಾಕ್ಟರಿಗೆ ಜಾರುಬಂಡಿ ಕಟ್ಟಿ ಓಡಿದ. ಅವನ ರಾಶಿ, ನಮ್ಮ ರಾಶಿ ಅಕ್ಕಪಕ್ಕ. ಗಂಡಸರು ಬೆವರುತ್ತಾ ತುಂಬಿದರು, ತಂದರು, ಇಳಿಸಿದರು.

"ಆಯ್ತು ಅಕ್ಕ. ಒಂದೂ ಕರಗಲಿಲ್ಲ" ಎಂದ.

ಬೇಸಿಗೆಯೆಲ್ಲ ಮುಂದಿನ ಸಾಲಿನಿಂದ ಒಡೆದು ತಂದು ಟೀ ಮಾಡಿದೆ. ಹೊರಗೆ ಸೊನ್ನೆಯಿಂದ ಮೇಲೆ ಮೂವತ್ತು, ಸೊಳ್ಳೆ, ದೂಳು. ನಾನು ಅವನ ಅಕ್ಟೋಬರ್ ಕುಡಿಯುತ್ತಿದ್ದೆ. ಇದು ಅವನು ಕೊಯ್ದ ಐಸು ಎಂದು ಬಂದವರಿಗೆಲ್ಲ ಹೇಳಿದೆ. ಹಿಂದಿನ ಮೂಲೆಯ ಒಂದು ಗಡ್ಡೆಯನ್ನು ಮಾತ್ರ ಮುಟ್ಟಲಿಲ್ಲ. ಹಗೇವಿನಲ್ಲಿ ಎಲ್ಲದರ ಮೇಲೂ ಹಿಮದ ತುಪ್ಪಳ ಬೆಳೆಯುತ್ತದೆ. ಅದರ ಮೇಲೂ ಬೆಳೆಯಿತು.

ಮತ್ತೆ ನವೆಂಬರ್. ಊರವರು ಕೆರೆಗೆ ಇಳಿದರು. ನನ್ನ ಪಾಲಿನದನ್ನೂ ಅವರೇ ಕೊಯ್ದು, ಈ ಸಲ ನೇರ ನನ್ನ ಅಂಗಳಕ್ಕೇ ತಂದು ನಿಲ್ಲಿಸಿದರು. ಹಗೇವು ಖಾಲಿ ಮಾಡಿ ಗುಡಿಸಿಡಬೇಕು.

"ಹಿಂದಿನ ಗಡ್ಡೆ ಮುಟ್ಟಬೇಡ" ಎಂದು ಉಯ್ಬಾನ್‌ಗೆ ಹೇಳಿ ನಾನೂ ಇಳಿದೆ. ಮೂಲೆಯ ಗುರುತನ್ನೊಮ್ಮೆ ನೋಡೋಣವೆಂದು ಕೈಗವಸಿನಿಂದ ಹಿಮ ಒರೆಸಿದೆ. ಬಿಳಿ ಗೆರೆ ಇತ್ತು. ಮೂಲೆ ಇಡಿಯಾಗಿತ್ತು. ಇನ್ನೊಂದು ಮೂಲೆಯೂ ಇಡಿಯಾಗಿತ್ತು. ಗಡ್ಡೆಯನ್ನು ಹೊರಳಿಸಿದೆ. ಎಲ್ಲ ಮೂಲೆಯೂ ಇಡಿಯಾಗಿತ್ತು.

"ಉಯ್ಬಾನ್, ಇದರ ಗುರುತು ಎಲ್ಲಿ?"

ಅವನು ಗಡ್ಡೆ ನೋಡಲಿಲ್ಲ. ಟೋಪಿ ತೆಗೆದ. ಹಗೇವಿನಲ್ಲಿ ಯಾರೂ ಟೋಪಿ ತೆಗೆಯುವುದಿಲ್ಲ.

"ಅಕ್ಕಾ... ಆವತ್ತಿನ ಗಡಿಬಿಡೀಲಿ ನಿಂದು ನಮ್ಮನೆಗೆ ಹೋಯ್ತು. ನಮ್ಮದು ನಿನ್ನ ಮನೆಗೆ ಬಂತು."

"ಯಾವಾಗ ಗೊತ್ತಾಯ್ತು?"

"ಜೂನ್‌ನಲ್ಲಿ. ಅರ್ಧ ಇನ್ನೂ ಉಳಿದಿತ್ತು. ಹೇಳೋಣ ಅಂತಾನೇ ಬಂದೆ. ನೀನು ಟೀ ಕೊಟ್ಟು, 'ಕುಡಿಯೋ, ಇದು ನಿಮ್ಮಣ್ಣನ ಐಸು, ನಿನ್ನ ಜೊಂಡಿನ ನೀರಲ್ಲ' ಅಂದೆ. ಆಮೇಲೆ ಬಾಯೇ ಬರ್ಲಿಲ್ಲ."

ಹಗೇವಿನ ಬಾಯಿಯಿಂದ ಅವನ ಹೆಂಡತಿ ಹೊಬೊರೋಸ್ ಕೂಗಿದಳು. "ದಿನಾ ಹೇಳ್ದೆ ಅಕ್ಕ, ಹೋಗಿ ಹೇಳು, ಹೋಗಿ ಹೇಳು ಅಂತ! ಕರಡಿ ಬಂದ್ರೆ ಎದುರು ನಿಲ್ತಾನೆ, ನಿನ್ನೆದುರು ನಿಲ್ಲಲ್ಲ."

"ಒಂದಾದ್ರೂ ಉಳಿದಿದ್ಯಾ?"

"ಇಲ್ಲ ಅಕ್ಕ. ಮೊಮ್ಮಗಳು ಹುಟ್ಟಿದ್ಲಲ್ಲ. ಅವಳ ಸ್ನಾನ, ನೋಡೋಕೆ ಬಂದವರ ಟೀ. ಎಲ್ಲ ಮುಗೀತು."

ನಾನು ಕೆಳಗೆ ಕೂತೆ. ಬೇಸಿಗೆಯೆಲ್ಲ ಉಯ್ಬಾನ್‌ನ ನೀರು ಕುಡಿದು ಮಿತೆರೆಯ್‌ನ ಹೆಸರು ಹೇಳಿದ್ದೆ. ವಾಸನೆಯೇ ಬರಲಿಲ್ಲವಲ್ಲ?

"ಜೊಂಡು ಎಲ್ಲಿ ಹೋಯ್ತೋ?" ಎಂದೆ.

"ದಡದಲ್ಲಿ ಕೊಯ್ಯೋದು ಬಿಟ್ಟು ಎಷ್ಟೋ ವರ್ಷ ಆಯ್ತಕ್ಕ. ಅಣ್ಣನೇ ಕರ್ಕೊಂಡು ಹೋಗ್ತಿದ್ದ. ಅವನು ಗೆರೆ ಎಳೆದ ಜಾಗದ ಪಕ್ಕದಲ್ಲೇ ನಂದು. ಎರಡೂ ಒಂದೇ ಐಸು. ಆಮೇಲೂ ಯಾಕೆ ಮೂಲೆ ಹಾರಿಸ್ತಿದ್ನೋ, ದೇವರಿಗೇ ಗೊತ್ತು."

ನನಗೆ ಗೊತ್ತಿತ್ತು: ಜೊಂಡು ಹೋದರೂ ನನಗೆಂದೇ ಕೊಯ್ದದ್ದು ಎಂಬ ಗುರುತು ಬೇಕಿತ್ತು ಅವನಿಗೆ. ಹೇಳಲಿಲ್ಲ. ಉಯ್ಬಾನ್‌ನನ್ನು ಕೆರೆಯ ನಡುವಿಗೆ ಕರೆದೊಯ್ಯುತ್ತಿದ್ದುದನ್ನೂ ಆ ಮುದುಕ ನನಗೆ ಹೇಳಿರಲಿಲ್ಲ. ನಗು ಬಂತು. ಜನವರಿಯಿಂದ ನಕ್ಕಿರಲಿಲ್ಲ. ಉಯ್ಬಾನ್ ಹೆದರಿ ನನ್ನ ತೋಳು ಹಿಡಿದ.

"ಬಿಡೋ. ಹಾರೆ ಕೊಡು."

ಕಾದಿಟ್ಟ ಗಡ್ಡೆಯನ್ನು ನಾನೇ ಒಡೆದೆ. ಬಿಳಿ ಗೆರೆ, ನನ್ನ ನೆಗಡಿ, ಎಲ್ಲ ಚೂರಾಯಿತು. ಬುಟ್ಟಿ ತುಂಬಿ ಮೇಲೆ ಕಳಿಸಿದೆ. ಐಸು ಕೊಯ್ದು ಬಂದವರೆಲ್ಲ ಒಲೆಯ ಸುತ್ತ ಕೂತು ಅದರ ಟೀ ಕುಡಿದರು. ಹೊಬೊರೋಸ್ ಮಗುವನ್ನೂ ತುಪ್ಪಳದಲ್ಲಿ ಸುತ್ತಿ ತಂದಿದ್ದಳು. ನನ್ನ ಮಡಿಲಿಗೆ ಹಾಕಿದಳು. ದಪ್ಪಗಿತ್ತು. ಮಿತೆರೆಯ್‌ನ ನೀರಿನಲ್ಲಿ ಮಿಂದ ಮೈ.

ಹೊರಗೆ ಟಕ್ ಟಕ್ ಎಂದು ಸದ್ದು ಕೇಳಿತು. ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಉಯ್ಬಾನ್, ನನ್ನ ಪಾಲಿನ ಹೊಸ ಗಡ್ಡೆಗಳ ಮುಂದೆ ಬಗ್ಗಿ, ಒಂದೊಂದರ ಮೂಲೆ ಹಾರಿಸುತ್ತಿದ್ದ. ಹೆಬ್ಬೆರಳಷ್ಟಲ್ಲ, ಮುಷ್ಟಿಯಷ್ಟು.

ಬಾಗಿಲು ತೆಗೆದು ಕೂಗಿದೆ.

"ಅಷ್ಟಷ್ಟು ಹಾರಿಸಿದ್ರೆ ನಾನು ಟೀ ಎಲ್ಲಿಂದ ಮಾಡ್ಲೋ, ದಂಡಪಿಂಡ!"

"ಬಾಗಿಲು ಹಾಕ್ಕೋ ಅಕ್ಕ, ಚಳಿ ಒಳಗೆ ಹೋಗುತ್ತೆ!"

"ಹೋಗ್ಲಿ ಬಿಡೋ. ಅದಕ್ಕೂ ಹೊರಗೆ ಚಳಿ ಆಗ್ತಿದೆ."