ನೆರಿಯದಲ್ಲಿ ಸತ್ತ ಮಂಗ

ಎಂಬತ್ತರ ದಶಕದ ಆರಂಭದಲ್ಲಿ ನಾನು ಬೆಳ್ತಂಗಡಿಯಲ್ಲಿ ಸರಕಾರಿ ಪಶುವೈದ್ಯನಾಗಿದ್ದೆ. ದನಗಳಿಗೆ ಚುಚ್ಚುಮದ್ದು ಕೊಡುವುದು, ಕರು ಹಾಕಲಾಗದೆ ಒದ್ದಾಡುವ ಹಸುವಿಗೆ ನೆರವಾಗುವುದು ನನ್ನ ಕೆಲಸ. ಮಂಗನ ಕಾಯಿಲೆ ನಮ್ಮ ಕಡೆಗೆ ಬಂದ ವರ್ಷ ಇನ್ನೊಂದು ಕೆಲಸ ಸೇರಿತು. ಮಂಗ ಸತ್ತ ಸುದ್ದಿ ಬಂದರೆ ಹೋಗಿ ಕೊಯ್ದು, ಮಿದುಳಿನ ಚೂರನ್ನು ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಕಾಯಿಲೆ ಹರಡುವುದು ಉಣ್ಣಿಗಳಿಂದ. ಮಂಗ ಸತ್ತ ಮೇಲೆ ಅವು ಮೈ ಬಿಟ್ಟು ನೆಲಕ್ಕಿಳಿಯುತ್ತವೆ. ತರಗೆಲೆ ಗುಡಿಸಲು ಬಂದವರಿಗೆ ಹತ್ತಿಕೊಳ್ಳುತ್ತವೆ.

ಒಂದು ಬೆಳಿಗ್ಗೆ ಕಾಡಂಚಿನ ನೆರಿಯ ಗ್ರಾಮದಿಂದ ಫಾರೆಸ್ಟ್ ಗಾರ್ಡ್ ಬಂದು ಕರೆದ. ಕಾಡಿನೊಳಗೆ ನಡೆಯಬೇಕಾದೀತು ಎಂದುಕೊಂಡು ಹೋದರೆ, ಮಂಗ ಒಂದು ಮನೆಯ ಅಂಗಳದಲ್ಲೇ ಇತ್ತು. ಬಾಳೆಲೆಯ ಮೇಲೆ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ದಾಸವಾಳ ಇಟ್ಟಿದ್ದರು. ಗುಂಡಿಯೂ ತೋಡಿ ಆಗಿತ್ತು. ಮನೆಯ ಯಜಮಾನಿ, ನಡುವಯಸ್ಸಿನ ವಿಧವೆ, ಮೆಟ್ಟಿಲಿಳಿದು ಬಂದರು.

"ಅಮ್ಮ, ಹುಗಿಯುವ ಮೊದಲು ನನಗೆ ಇದನ್ನು ನೋಡ್ಲಿಕ್ಕೆ ಉಂಟು" ಎಂದೆ.

"ನೋಡಿ. ಕೊಯ್ಲಿಕ್ಕೆ ಮಾತ್ರ ಬಿಡುವುದಿಲ್ಲ. ಆಂಜನೇಯನಿಗೆ ಕತ್ತಿ ಹಾಕಿದ್ರೆ ಮತ್ತೆ ನಾವು ಊರಲ್ಲಿ ಮುಖ ತೋರಿಸ್ಲಿಕ್ಕುಂಟಾ?"

"ಕಾಡಿನಿಂದ ಇದನ್ನು ತಂದವರು ಯಾರು?"

"ನನ್ನ ತಮ್ಮ, ಇಲ್ಲೇ ನನ್ನೊಟ್ಟಿಗೆ ಇರುವವ. ಹೆಗಲ ಮೇಲೆ ಹಾಕಿಕೊಂಡು ಬಂದ. ಎಂತಕ್ಕೆ?"

ತಮ್ಮನನ್ನು ಕರೆದು ಅಂಗಿ ತೆಗೆಸಿದೆ. ಕುತ್ತಿಗೆಯ ಹಿಂದೆ, ಕೂದಲಿನ ಅಂಚಿನಲ್ಲಿ, ಎಳ್ಳಿಗಿಂತ ಚಿಕ್ಕ ಉಣ್ಣಿಗಳು ಕಚ್ಚಿಕೊಂಡಿದ್ದವು. ಚಿಮುಟದಿಂದ ಕಿತ್ತು ತೋರಿಸಿದೆ. ಆಕೆ ಬಗ್ಗಿ ನೋಡಿದರು.

"ಇದರಲ್ಲಿ ಕಾಯಿಲೆ ಉಂಟಾ?"

"ಅದು ಗೊತ್ತಾಗ್ಬೇಕಾದ್ರೆ ಮಂಗನನ್ನು ಕೊಯ್ಯಬೇಕು."

ಆಕೆ ತಮ್ಮನ ಕುತ್ತಿಗೆಯನ್ನು ಇನ್ನೊಮ್ಮೆ ನೋಡಿದರು. "ಹಿತ್ತಿಲಿಗೆ ಕೊಂಡುಹೋಗಿ. ನನ್ನ ಕಣ್ಣೆದುರು ಬೇಡ. ಮುಗಿದ ಮೇಲೆ ಅದೇ ಬಟ್ಟೆಯಲ್ಲಿ ಸುತ್ತಿ ಕೊಡಿ."

"ಹುಗಿಯುವ ಹಾಗಿಲ್ಲಮ್ಮ. ಬಟ್ಟೆ ಸಮೇತ ಸುಡ್ಬೇಕು."

"ಹಾಗಾದ್ರೆ ಬೆಂಕಿ ನಾನೇ ಕೊಡ್ತೇನೆ."

ಕೈಗವಸು ತೊಟ್ಟು, ಗಾರ್ಡ್‌ನ ನೆರವಿನಿಂದ ಕೆಲಸ ಮುಗಿಸಿದೆ. ಆಕೆ ಉದ್ದನೆಯ ಕೋಲಿಗೆ ತೆಂಗಿನ ಗರಿ ಕಟ್ಟಿ, ನಾನು ಹೇಳಿದಷ್ಟು ದೂರದಿಂದಲೇ ಬೆಂಕಿ ತಾಗಿಸಿದರು. ಅಂಗಳಕ್ಕೆಲ್ಲ ನಾವು ಕೀಟನಾಶಕದ ಪುಡಿ ಎರಚಿದೆವು.

ಆ ವಾರವೇ ತಮ್ಮನಿಗೆ ಜ್ವರ ಹಿಡಿಯಿತು. ಕಣ್ಣು ಕೆಂಪಾಗಿ, ವಸಡಿನಿಂದ ರಕ್ತ ಬಂತು. ಜ್ವರ ಬಂದರೆ ಕಾಯಬೇಡಿ ಎಂದು ನಾನು ಮೊದಲೇ ಹೇಳಿಟ್ಟಿದ್ದರಿಂದ ತಡಮಾಡದೆ ಆಸ್ಪತ್ರೆಗೆ ಸೇರಿಸಿದ್ದರು. ಅವನು ಅಲ್ಲಿರುವಾಗಲೇ ಪ್ರಯೋಗಾಲಯದ ಉತ್ತರ ಬಂತು: ಮಂಗ ಸತ್ತದ್ದು ಅದೇ ಕಾಯಿಲೆಯಿಂದ. ತಮ್ಮ ಬದುಕಿಕೊಂಡ. ಆದರೆ ಬಹಳ ಕಾಲ ಕೈ ನಡುಗುತ್ತಿತ್ತು, ಗುಡ್ಡ ಹತ್ತಲಾಗುತ್ತಿರಲಿಲ್ಲ.

ಅಕ್ಕ ಒಮ್ಮೆ ನನ್ನ ಪಶು ಆಸ್ಪತ್ರೆಗೆ ಬಂದರು. ಅಳಲಿಲ್ಲ, ದೂರಲಿಲ್ಲ. "ಹಟ್ಟಿಯಲ್ಲಿ ದನಗಳ ಕಾಲಡಿಗೆ ಹಾಕ್ಲಿಕ್ಕೆ ಕಾಡಿನ ಸೊಪ್ಪು ಬೇಕಲ್ಲ ಡಾಕ್ಟ್ರೇ, ಇನ್ನು ಎಲ್ಲಿಗೆ ಹೋಗುವುದು?" ಎಂದು ಕೇಳಿದರು.

"ಈ ಬೇಸಗೆ ಕಾಡಿಗೆ ಹೋಗುವುದು ಬೇಡ" ಎಂದೆ. ಅದಕ್ಕಿಂತ ಹೆಚ್ಚಿನದು ನನಗೂ ಗೊತ್ತಿರಲಿಲ್ಲ.

ಅವರು ಹಸುಗಳನ್ನು ಲಾರಿಯಲ್ಲಿ ವಿಟ್ಲದ ತವರಿಗೆ ಕಳುಹಿಸಿದರು. ಆ ಬೇಸಗೆಯಲ್ಲಿ ನೆರಿಯದ ಕಾಡಿನಲ್ಲಿ ಇನ್ನಷ್ಟು ಮಂಗಗಳು ಸತ್ತವು. ಮೊದಲು ಸುದ್ದಿ ಬರುತ್ತಿದ್ದದ್ದು ಅದೇ ಮನೆಯಿಂದ. ನಾವು ತಲುಪುವವರೆಗೆ ಯಾರೂ ಮುಟ್ಟದಂತೆ ಆಕೆ ದಾರಿಗೆ ಅಡ್ಡಲಾಗಿ ಮುಳ್ಳು ಹಾಕಿಸುತ್ತಿದ್ದರು. ಮುಂದಿನ ವರ್ಷ ನನಗೆ ಮೂಡುಬಿದಿರೆಗೆ ವರ್ಗವಾಯಿತು. ಅಷ್ಟರೊಳಗೆ ಹಸುಗಳು ಹಟ್ಟಿಗೆ ಮರಳಿದ್ದವು. ತಮ್ಮ ಕುಳಿತು ಹಾಲು ಕರೆಯುವಷ್ಟು ಚೇತರಿಸಿಕೊಂಡಿದ್ದ.