ಸರೋಜಕ್ಕನ ಆಮೆ

ಆಗ ನಮ್ಮ ಕೇರಿಗೆಲ್ಲ ಒಂದೇ ಬಾವಿ, ಬೇಸಿಗೆ ರಜೆಯೆಲ್ಲ ಕಳೆಯುತ್ತಿದ್ದುದು ಅದರ ಕಟ್ಟೆಯ ಸುತ್ತಲೇ. ಶಿರಾ ಕಡೆಯ ನಮ್ಮ ಊರಿನಲ್ಲಿ ಮಣ್ಣು ಕಾವಲಿಯಂತೆ ಕಾಯುತ್ತಿತ್ತು. ಮಧ್ಯಾಹ್ನ ಅಜ್ಜಿ ಕಡಲೆಕಾಯಿ ಹುರಿದರೆ ವಾಸನೆ ಕೇರಿಯ ತುದಿಗೂ ಮುಟ್ಟುತ್ತಿತ್ತು. ಇಂಥ ರಜೆಗಳು ನಿಮಗೂ ನೆನಪಿರಬಹುದು. ನನಗೆ ಒಂದು ರಜೆ ಮಾತ್ರ, ನಾನು ಮಾಡಿದ ತಪ್ಪಿನಿಂದಾಗಿ, ಇವತ್ತಿಗೂ ಹಾಗೇ ನೆನಪಿದೆ.

ನನಗೆ ಎಂಟು ವರ್ಷ, ಅಕ್ಕ ಸರೋಜಳಿಗೆ ಹನ್ನೊಂದು. ಒಂದು ಬೆಳಿಗ್ಗೆ ಅವಳು ಕತ್ತಾಳೆ ಬೇಲಿಯ ಬುಡದಿಂದ ಒಂದು ಆಮೆಯನ್ನು ಲಂಗದಲ್ಲಿ ಸುತ್ತಿಕೊಂಡು ತಂದಳು. ಚಿಪ್ಪಿನ ತುಂಬ ಹಳದಿ ನಕ್ಷತ್ರಗಳು. ಅಮ್ಮ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅದಕ್ಕೆ ಕುಂಕುಮ ಇಟ್ಟಾಗಿತ್ತು.

"ಕೂರ್ಮಾವತಾರ ಕಣೇ. ತಾನಾಗಿ ಮನೆಗೆ ಬಂದಿದೆ, ಇರಲಿ ಬಿಡು."

"ತಾನಾಗಿ ಎಲ್ಲಿ ಬಂತಮ್ಮ, ಇವಳು ಹೊತ್ಕೊಂಡು ಬಂದ್ಲು," ಅಂದರು ಅಪ್ಪ.

ಹೆಸರು ಗುಂಡಪ್ಪ ಎಂದಾಯಿತು. ಒಡೆದ ಮಡಕೆಯೊಂದನ್ನು ಅಡ್ಡ ಮಲಗಿಸಿ, ಹುಲ್ಲು ಹಾಸಿ, ಅಕ್ಕ ಅದಕ್ಕೆ ಮನೆ ಮಾಡಿದಳು. ದಂಟಿನ ಸೊಪ್ಪು, ಸೌತೆಕಾಯಿ ಸಿಪ್ಪೆ ಕೊಟ್ಟರೆ ಕರಕ್ ಕರಕ್ ಎಂದು ತಿನ್ನುತ್ತಿತ್ತು. ಶನಿವಾರ ನನಗಿಂತ ಮೊದಲು ಅದಕ್ಕೆ ಪ್ರಸಾದ. ನನ್ನ ಜೊತೆ ಚೌಕಾಬಾರ ಆಡುವುದನ್ನು ಅಕ್ಕ ಬಿಟ್ಟೇಬಿಟ್ಟಳು. ಕರೆದರೆ, "ತಡಿಯೋ ಶೀನ, ಗುಂಡಪ್ಪ ಊಟ ಮಾಡ್ತಿದಾನೆ," ಅನ್ನುವಳು.

ನನಗೆ ಹೊಟ್ಟೆಕಿಚ್ಚು. ಅದನ್ನು ಕರುಣೆ ಎಂದು ನನಗೆ ನಾನೇ ನಂಬಿಸಿಕೊಂಡೆ. ಪಾಠದ ಪುಸ್ತಕದಲ್ಲಿ ಆಮೆಯ ಚಿತ್ರ ಇದ್ದದ್ದು ನೀರಿನೊಳಗೆ. ಪಾಪ, ನೀರಿನ ಪ್ರಾಣಿಯನ್ನು ಮಡಕೆಯಲ್ಲಿ ಒಣಗಿಸುತ್ತಿದ್ದಾಳೆ ಅನ್ನಿಸಿತು. ಎಲ್ಲರೂ ಮಲಗಿದ್ದ ಒಂದು ಮಧ್ಯಾಹ್ನ ಗುಂಡಪ್ಪನನ್ನು ಬಾವಿಯ ಬಕೆಟ್ಟಿನಲ್ಲಿ ಕೂರಿಸಿ, ಹಗ್ಗ ಮೆಲ್ಲಗೆ ಬಿಟ್ಟು, ನೀರಿಗೆ ಇಳಿಸಿದೆ. ನಾಲ್ಕೂ ಕಾಲು ಪಟಪಟ ಬಡಿಯಿತು. ಎಷ್ಟು ಖುಷಿಯಾಗಿ ಈಜುತ್ತಿದೆ ಎಂದುಕೊಂಡು ಗೋಲಿ ಆಡಲು ಹೋದೆ.

ಸಂಜೆ ಅಕ್ಕ ಕೇಳಿದಳು, "ಶೀನ, ಗುಂಡಪ್ಪನ್ನ ನೋಡಿದ್ಯಾ?"

"ಗೇಟಿನ ಕಡೆ ಹೋಗ್ತಿತ್ತು," ಅಂದೆ.

ಅವಳು ಅಳಲಿಲ್ಲ. ಅಂದಿನಿಂದ ಪ್ರತಿ ಸಂಜೆ ಗೇಟಿನ ಬಳಿ ಮುತ್ತುಗದ ಎಲೆಯ ಮೇಲೆ ಸೌತೆಕಾಯಿ ಸಿಪ್ಪೆ ಇಟ್ಟು, "ಬಂದ್ರೆ ತಿನ್ಕೊಳ್ಳಲಿ," ಅನ್ನುವಳು. ನನಗೆ ನೋಡಲಾಗಲಿಲ್ಲ. ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಸಿಪ್ಪೆ ಎಸೆದು, "ಅಕ್ಕಾ, ಗುಂಡಪ್ಪ ಬಂದು ತಿಂದು ಹೋಗಿದೆ," ಅನ್ನುತ್ತಿದ್ದೆ. ಕೆಲವು ದಿನಕ್ಕೆ ಸಿಪ್ಪೆಯ ಬದಲು ಸೌತೆಕಾಯಿ ಹೋಳುಗಳೇ ಇರತೊಡಗಿದವು. ಅವನ್ನು ಎಸೆಯಲು ಮನಸ್ಸು ಬರದೆ ನಾನೇ ತಿಂದೆ. ಕೊನೆಕೊನೆಗೆ ಅದಕ್ಕೆ ಉಪ್ಪು ಖಾರವೂ ಇರುತ್ತಿತ್ತು. ಎಂಟು ವರ್ಷದ ತಲೆ, ರುಚಿಯಾಗಿದೆ ಅಂದುಕೊಂಡಿತೇ ಹೊರತು ಮುಂದಕ್ಕೆ ಯೋಚಿಸಲಿಲ್ಲ. ಸ್ಕೂಲು ಶುರುವಾಗುವವರೆಗೂ ಹೀಗೇ ನಡೆಯಿತು.

ಆಮೇಲೆ ಬದುಕು ಎಲ್ಲೆಲ್ಲಿಗೋ ಒಯ್ದಿತು. ಈಗ ನಾನು ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಸದರ್ನ್ ರಿವರ್ ಎಂಬ ಬಡಾವಣೆಯ ಮಗನ ಮನೆಯಲ್ಲಿದ್ದೇನೆ. ಅವನಿಗೆ ಗಣಿ ಕೆಲಸ, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಒಂಬತ್ತು ವರ್ಷದ ಮೊಮ್ಮಗಳು ಅನಿಕಾ ಒಂದು ಉದ್ದ ಕತ್ತಿನ ಆಮೆ ಸಾಕಿದ್ದಾಳೆ. ಇಲ್ಲಿ ಅದಕ್ಕೂ ಲೈಸೆನ್ಸ್ ಬೇಕು. ಗಾಜಿನ ತೊಟ್ಟಿಯ ನೀರು ಬದಲಿಸುವಾಗ ಅವಳಿಗೆ ಗುಂಡಪ್ಪನ ಕತೆ ಹೇಳಿದೆ, ಬಾವಿಗೆ ಬಿಟ್ಟದ್ದನ್ನೂ ಸೇರಿಸಿ. ಅವಳ ಕೈ ನಿಂತಿತು.

"ಅಜ್ಜಾ, ನೋ. ಸ್ಟಾರ್ಸ್ ಇದ್ರೆ ಅದು ಟಾರ್ಟಸ್, ನೆಲದ ಆಮೆ. ದೇ ಕಾಂಟ್ ಸ್ವಿಮ್. ದೇ ಡ್ರೌನ್."

ಅರವತ್ತು ವರ್ಷದಿಂದ ನನ್ನ ತಪ್ಪು ಒಂದು ಸುಳ್ಳು ಅಂದುಕೊಂಡಿದ್ದೆ. ಅದು ಕೊಲೆ ಎಂದು ಅವಳ ಮಾತಿನಿಂದ ತಿಳಿಯಿತು. ಖುಷಿಯಿಂದ ಈಜಿದ್ದಲ್ಲ, ಮುಳುಗುತ್ತಾ ಬಡಿದ ಕಾಲುಗಳು ಅವು. ಒಂದು ವಾರ ಊಟ ಸೇರಲಿಲ್ಲ.

ಅಡಿಲೇಡ್‌ನಲ್ಲಿ ಮಗಳ ಜೊತೆ ಇರುವ ಅಕ್ಕ ಹೋದ ತಿಂಗಳು ನಮ್ಮಲ್ಲಿಗೆ ಬಂದಳು. ಈ ಸಲ ಹೇಳದಿದ್ದರೆ ಇನ್ನು ಯಾವಾಗ ಎಂದು, ಹಿತ್ತಲಲ್ಲಿ ಕಾಫಿ ಕುಡಿಯುವಾಗ ಎಲ್ಲ ಹೇಳಿಬಿಟ್ಟೆ.

ಅಕ್ಕ ಕಾಫಿ ಮುಗಿಸಿ ಲೋಟ ಕೆಳಗಿಟ್ಟಳು.

"ಕೊನೆಗೂ ಹೇಳ್ದಲ್ಲ. ನೀನು ಗೋಲಿ ಆಡಕ್ಕೆ ಹೋದ್ಯಲ್ಲ, ಹಿಂದೇನೇ ಪಕ್ಕದ್ಮನೆ ಗೌರಮ್ಮ ನೀರು ಸೇದಿದ್ರು. ಬಕೆಟ್ಟಲ್ಲಿ ಗುಂಡಪ್ಪ ಬಂತು, ಕುಂಕುಮ ಎಲ್ಲ ತೊಳ್ಕೊಂಡು. ಆ ಕಿರುಚಾಟಕ್ಕೆ ನಾನು ಎದ್ದು ಬಂದಿದ್ದು. ನೀನು ಬಾವಿ ಹತ್ರದಿಂದ ಹೋಗಿದ್ದನ್ನ ಅವರು ನೋಡಿದ್ರಂತೆ."

"ಬದುಕಿತ್ತಾ?"

"ಬದುಕಿತ್ತು. ನಿನ್ನ ಕೈಗೆ ಇನ್ನೊಂದ್ಸಲ ಸಿಗೋದು ಬೇಡ ಅಂತ ಬೇಲಿ ಹತ್ರಾನೇ ಬಿಟ್ಟು ಬಂದೆ."

"ಮತ್ತೆ ದಿನಾ ಸೌತೆಕಾಯಿ ಯಾಕೆ ಇಟ್ಟೆ?"

"ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ನೀನು ನೋಡಿದ್ರೆ ತಿನ್ಕೊಂಡು ಕೂತೆ. ಆಮೆಗೆ ಯಾರಾದ್ರೂ ಉಪ್ಪು ಖಾರ ಹಚ್ಚಿ ಇಡ್ತಾರೇನೋ, ದಡ್ಡ?"

ಪಕ್ಕದಲ್ಲೇ ಕೂತಿದ್ದ ಅನಿಕಾಗೆ ಎಷ್ಟು ಅರ್ಥವಾಯಿತೋ, ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ಕಣ್ಣೊರೆಸಿಕೊಂಡೆ.

ಆ ಬಾವಿಯನ್ನು ಮುಚ್ಚಿದ್ದಾರೆ, ಕತ್ತಾಳೆ ಬೇಲಿಯ ಜಾಗದಲ್ಲಿ ಲಾರಿಗಳು ನಿಲ್ಲುತ್ತವಂತೆ. ಅವು ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ತಪ್ಪು ಮಾಡಿದವನಿಗೆ ಬೈಯದೆ, ದಿನಾ ಸಂಜೆ ಸೌತೆಕಾಯಿ ಹೆಚ್ಚಿಟ್ಟು, ಅವನಾಗಿ ಬಾಯಿ ಬಿಡಲಿ ಎಂದು ಕಾಯುವವರು ನನಗೆ ಆಮೇಲೆ ಯಾರೂ ಸಿಗಲಿಲ್ಲ. ಇದ್ದ ಒಬ್ಬಳ ಜೊತೆಗೂ, ನನ್ನ ಹೆದರಿಕೆಯಿಂದ, ಈ ನಗುವನ್ನು ಅರವತ್ತು ವರ್ಷ ಕಳೆದುಕೊಂಡೆ.

ಅಕ್ಕ ಅಡಿಲೇಡ್‌ಗೆ ಹೊರಟ ಬೆಳಿಗ್ಗೆ ಬಾಗಿಲ ಬಳಿ ಒಂದು ತಟ್ಟೆ ಇತ್ತು. ಸೌತೆಕಾಯಿ ಹೋಳು, ಮೇಲೆ ಉಪ್ಪು ಖಾರ. ಈ ಸಲ ಅವಳ ಎದುರೇ ಕೂತು ತಿಂದೆ.