ಗೊಂಜಾಳದ ಕೂದಲು

ಆಗಿನ್ನೂ ನಮ್ಮ ಕೌಜಲಗಿಯ ಹೊಲಗಳಿಗೆ ಸಿಹಿ ಗೊಂಜಾಳ, ಅಂದರೆ ಸಿಹಿ ಮೆಕ್ಕೆಜೋಳ, ಹೊಸದು. ಗಿಡದಿಂದ ಮುರಿದ ಹಸಿ ತೆನೆಯನ್ನು ಅಲ್ಲೇ ಕಚ್ಚಿ, ಗಲ್ಲಕ್ಕೆಲ್ಲ ಹಾಲು ಮೆತ್ತಿಕೊಂಡ ನನ್ನ ಓರಗೆಯವರು ಆ ರುಚಿ ಮರೆತಿರಲಿಕ್ಕಿಲ್ಲ.

ನಮ್ಮದೂ ಅಪ್ಪನ ತಮ್ಮ ಕಾಕಾನದೂ ಒಂದೇ ಬದುವಿನ ಆಚೀಚೆಯ ಹೊಲ. ಆ ವರ್ಷ ಕಾಕಾ ಸಂಕೇಶ್ವರದಿಂದ ಹೊಸ ತಳಿಯ ಬೀಜ ತಂದು, ಬೇಸಿಗೆಯಲ್ಲೇ ಬಾವಿ ನೀರಿನ ಮೇಲೆ ಬಿತ್ತಿದ.

"ಅಣ್ಣಾ, ಗೋಕಾಕ ಫಾಲ್ಸ್ ತುಂಬಿ ಮಂದಿ ಬರೂ ಹೊತ್ತಿಗೆ ತೆನಿ ಕೈಗೆ ಬರಬೇಕ. ನೀನೂ ಈಗ ಬಿತ್ತು," ಅಂದ.

"ಮಳಿ ಆಗ್ಲಿ ತಡಿ. ಹೋದ ವರ್ಷದ ಕಾಳ ಐತಿ, ಅದನ್ನ ಹಾಕ್ತೇನಿ," ಅಂದ ಅಪ್ಪ.

ಕಾಕಾನ ಬೆಳೆ ಆಳೆತ್ತರ ನಿಂತಾಗ ನಮ್ಮದು ಮೊಣಕಾಲೆತ್ತರ. ಅದೂ ಹಳೆ ಬೆಳೆಯ ಕಾಳಾದ್ದರಿಂದ ಒಂದು ಗಿಡ ಉದ್ದ, ಒಂದು ಗಿಡ್ಡ.

ಮೊದಲ ಕೊಯ್ಲನ್ನು ಟೆಂಪೋಕ್ಕೆ ತುಂಬಿ ಕಾಕಾ ಫಾಲ್ಸಿಗೆ ಹೊರಟಾಗ, ಮುಂದಿನ ಸೀಟಿನಲ್ಲಿ ಅವನ ಮಗಳು ಗೀತಾ ಕೂತಿದ್ದಳು. ನನ್ನದೇ ವಯಸ್ಸು. ಸಂಜೆ ಓಡಿ ಬಂದು, "ನೀರ ಮುಖಕ್ಕ ಸಿಡೀತಿತ್ತ ನೋಡ! ಬಿಸಿ ತೆನಿಗೆ ಖಾರ, ಲಿಂಬಿಹಣ್ಣ ಹಚ್ಚಿ ಕೊಟ್ರು," ಎಂದಳು. ನನ್ನನ್ನು ಯಾರೂ ಕರೆದಿರಲಿಲ್ಲ.

ಕಾಕಾ ಇಪ್ಪತ್ತು ದಿನ ಬಿಟ್ಟು ಬಿತ್ತಿದ್ದ ಇನ್ನೊಂದು ತುಂಡು ಹೊಲವಿತ್ತು. ಅಲ್ಲಿ ತೆನೆಗಳ ತುದಿಯಲ್ಲಿ ರೇಷ್ಮೆಯಂಥ ಕೂದಲು ಆಗಷ್ಟೇ ಇಳಿದಿತ್ತು. ಒಂದೊಂದು ಎಳೆಯಿಂದ ಒಂದೊಂದು ಕಾಳು ಕಟ್ಟುತ್ತದೆಂದು ಕಾಕಾನೇ ನಮಗೆ ತೋರಿಸಿದ್ದ. ಗೊತ್ತಿದ್ದೇ, ಮರುದಿನ ಮಧ್ಯಾಹ್ನ ನಾನು ಎರಡು ಸಾಲಿನ ಕೂದಲನ್ನೆಲ್ಲ ಕಿತ್ತೆಸೆದೆ.

ಕೊಯ್ಲಿನ ದಿನ ಕಾಕಾ ಸಿಪ್ಪೆ ಸುಲಿದು ನೋಡಿದರೆ ಬೋಳು ತೆನೆ, ಅಲ್ಲೊಂದು ಇಲ್ಲೊಂದು ಕಾಳು. "ಕೂದಲ ಯಾರ ಕಿತ್ತೀರಿ?"

ಗೀತಾ ನನ್ನನ್ನೊಮ್ಮೆ ನೋಡಿ, "ನಾನ, ಅಪ್ಪಾ. ಗೊಂಬಿಗೆ ಜಡಿ ಹಾಕಾಕ ಬೇಕಾಗಿತ್ತು," ಎಂದಳು. ಅವಳು ಅಂದು ನನ್ನನ್ನು ಕಂಡಿದ್ದಳೆಂದು ಆಗ ತಿಳಿಯಿತು.

"ಹಂಗಾರ ಇವತ್ತ ನೀ ಫಾಲ್ಸಿಗೆ ಬರಬ್ಯಾಡ, ಮನ್ಯಾಗ ಇರು," ಎಂದ ಕಾಕಾ ನನ್ನತ್ತ ತಿರುಗಿದ. "ಬಾರವ್ವಾ, ನೀ ಬಾ."

ನಾನು ಟೆಂಪೋ ಹತ್ತಿ ಗೀತಾಳ ಜಾಗದಲ್ಲಿ ಕೂತೆ. ಫಾಲ್ಸಿನ ಎದುರು ಕಾಕಾ ಕೊಟ್ಟ ಬಿಸಿ ತೆನೆಯನ್ನು ಕಚ್ಚದೆ ಹಾಗೇ ಹಿಡಿದು ನಿಂತೆ.

ನಮ್ಮ ಬೆಳೆ ಕೈಗೆ ಬಂದಾಗ ಫಾಲ್ಸಿನ ನೀರು ಇಳಿದಿತ್ತು, ಮಂದಿಯೂ ಕಡಿಮೆಯಾಗಿದ್ದರು; ಊರೂರಿನ ತೆನೆ ಸಂತೆಯಲ್ಲಿ ರಾಶಿ ಬಿದ್ದಿತ್ತು. ನಮ್ಮವನ್ನು ಎಮ್ಮೆಗಳು ತಿಂದವು.

ಗೀತಾ ಈಗ ಹುಕ್ಕೇರಿ ಕಡೆಯ ಸೊಸೆ. ಯಾವ ತಳಿ, ಯಾವ ವಾರ ಬಿತ್ತಬೇಕೆಂದು ಫೋನಿನಲ್ಲಿ ಹೇಳುತ್ತಾಳೆ. ಹಾಗೇ ಮಾಡುತ್ತೇನೆ, ಬೆಳೆ ಚೆನ್ನಾಗೇ ಬರುತ್ತದೆ. ಆ ದಿನದ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಆ ದಿನಕ್ಕೂ ಮುಂಚೆ ನಾವಿಬ್ಬರೂ ಒಂದೇ ತೆನೆಯನ್ನು ಎರಡೂ ತುದಿಯಿಂದ ಕಚ್ಚುತ್ತ, ಮೂಗಿಗೆ ಮೂಗು ತಾಗುವವರೆಗೂ ತಿನ್ನುತ್ತಿದ್ದೆವು. ಆಮೇಲೆ ಒಮ್ಮೆಯೂ ಹಾಗೆ ತಿನ್ನಲಿಲ್ಲ.